ಬದಾಮಿಗೆ ಆಗದ್ದು

ಏಳು ದಿನಗಳಿಂದ ಬದಾಮಿಯ ಕುತ್ತಿಗೆಗೆ ಅಂಟಿಕೊಂಡಿದ್ದ ಹಪ್ಪಳದ ಅಂಚಿಗೆ ಡಾಕ್ಟರ್ ನೀಲಾಂಬಿಕಾ ಹಂಚಿನಾಳ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದನ್ನು ಹಿಡಿದಳು. ಯಂತ್ರ ಸಣ್ಣಗೆ ಗುಂಯ್‌ಗುಟ್ಟಿತು. ಕುದುರೆ ಒಂದು ಕಿವಿಯನ್ನು ಅತ್ತ ತಿರುಗಿಸಿತೇ ಹೊರತು ಕದಲಲಿಲ್ಲ. ಅದರ ಹಣೆಯ ಮೇಲೆ ಕೈಯಿಟ್ಟುಕೊಂಡು ರಾಜೇಸಾಬ ಟಾಂಗೇವಾಲೆ ನಿಂತಿದ್ದ.

“ಏನಂತೈತ್ರಿ ಅಕ್ಕಾರ?”

“ಸೊಳ್ಳಿ ಅಲ್ಲಂತ ಚಾಚಾ. ಕಾಂಗ್ರೆಸ್ ಕಸದ ಪರಾಗನೂ ಅಲ್ಲ. ಮೇವಿನ್ಯಾಗಿನ ಜ್ವಾಳದ ಕಣಿಕಿ ಅಲ್ಲ, ಕುದುರಿ ಮಸಾಲಿ ಸೊಪ್ಪೂ ಅಲ್ಲ.”

“ಮತ್ತ ಏನು?”

“ಅದನ್ನ ಇನ್ನೂ ಹೇಳವಲ್ದು.”

ವಿಜಯಪುರದ ಹೊರಗೆ, ಹಳೆಯ ಕೆರೆಯೊಂದರ ದಂಡೆಯಲ್ಲಿದ್ದ ಆ ಆಶ್ರಯದಲ್ಲಿ ಹತ್ತೊಂಬತ್ತು ಕುದುರೆಗಳಿದ್ದವು. 2056ರಲ್ಲಿ ಊರಿನ ಕೊನೆಯ ಟಾಂಗಾಗಳು ನಿಂತಾಗ ಕುದುರೆಗಳನ್ನೂ, ಬೇರೆ ಕೆಲಸಕ್ಕೆ ಹೋಗಲು ಮನಸ್ಸಿಲ್ಲದ ಒಂದಿಬ್ಬರು ಟಾಂಗಾದವರನ್ನೂ ಇಲ್ಲಿಗೆ ತಂದು ಇಟ್ಟಿದ್ದರು. ಅದಾಗಿ ಆರು ವರ್ಷ. ರಾಜೇಸಾಬನಿಗೆ ಈಗ ಅರವತ್ತೇಳು, ಬದಾಮಿಗೆ ಇಪ್ಪತ್ತು. ಬಾದಾಮಿ ಬೀಜದ ಬಣ್ಣದ ಹೆಣ್ಣುಕುದುರೆ ಎಂದು ಅದಕ್ಕೆ ಆ ಹೆಸರು.

ಹಪ್ಪಳದ ನಿಜವಾದ ಹೆಸರು ಸ್ಪರ್ಶಲಿಪಿ. ನೀಲಾಂಬಿಕಾ ಒಂಬತ್ತು ವರ್ಷ ಕೂತು ಮಾಡಿದ್ದು. ತೆಳ್ಳಗೆ, ದುಂಡಗೆ, ನಸುಹಳದಿಯಾಗಿದ್ದ ಅದನ್ನು ಆಶ್ರಯದವರೆಲ್ಲ ಮೊದಲ ದಿನವೇ ಹಪ್ಪಳ ಎಂದು ಕರೆದರು. ಕೊನೆಗೆ ಅವಳ ಬಾಯಲ್ಲೂ ಅದೇ ಹೆಸರು ಬಂತು. ಅದರ ಒಳಮಗ್ಗುಲಲ್ಲಿ ಕೂದಲಿಗಿಂತ ಸಣ್ಣ ಸಾವಿರಾರು ಮೊನೆಗಳಿದ್ದವು. ನೋವಿನ ನರ ಮುಟ್ಟುವಷ್ಟು ಆಳಕ್ಕೆ ಇಳಿಯದೆ ಅವು ಚರ್ಮದಡಿಯ ರಸವನ್ನು ಹೀರುತ್ತಿದ್ದವು. ಹೊರಮಗ್ಗುಲು ಗಾಳಿಯ ಧೂಳನ್ನು ಹಿಡಿದಿಟ್ಟುಕೊಳ್ಳುತ್ತಿತ್ತು.

“ತೊಗಲಿನ ಕೆಳಗ ಸಣ್ಣ ಸಣ್ಣ ಚೀಲದಂಥ ಕೋಶ ಇರ್ತಾವ ಚಾಚಾ,” ಎಂದು ಅವಳು ಮೊದಲ ದಿನ ವಿವರಿಸಿದ್ದಳು. “ಅವುಗಳ ಮ್ಯಾಲೆ ಕಾವಲುಗಾರರು ಕುಂತಿರ್ತಾರ. ಆಗಲಾರದ್ದೇನೋ ಬಂತು ಅಂತ ಅವರಿಗೆ ಅನಿಸಿದ ಕೂಡಲೇ ಚೀಲ ಒಡೀತಾವ. ಒಳಗಿನ ಹಿಸ್ಟಮಿನ್ ಹೊರಗ ಬೀಳತೈತಿ, ರಕ್ತನಾಳ ಜಿನಗತಾವ, ಮೈಮ್ಯಾಲೆ ಗಂಟು ಏಳತಾವ. ಕಾವಲುಗಾರ ಯಾರನ್ನ ನೋಡಿ ಬೆದರಿದ ಅನ್ನೂದನ್ನ ಹಪ್ಪಳ ಓದತೈತಿ.”

ಅದು ಓದುತ್ತಿತ್ತು ಎಂಬುದರಲ್ಲಿ ಸಂಶಯವಿರಲಿಲ್ಲ. ಒಂದು ಬಿಳಿ ಕುದುರೆಯ ಬೆನ್ನಿನ ಗಂಟುಗಳಿಗೆ ಚಳಿಗೆ ಹೊದಿಸುವ ಬಟ್ಟೆಯ ಕೆಂಪು ಬಣ್ಣ ಕಾರಣವೆಂದು ಹೇಳಿತು. ಬಟ್ಟೆ ಬದಲಿಸಿದ ವಾರದಲ್ಲಿ ಬೆನ್ನು ನುಣುಪಾಯಿತು. ಇನ್ನೊಂದಕ್ಕೆ ಕಣ್ಣಿಗೆ ಕಾಣಿಸದಷ್ಟು ಸಣ್ಣ ನೊಣ ಕಾರಣವಾಗಿತ್ತು. ಸಂಜೆ ಒಂದು ಫ್ಯಾನು ಹಾಕಿದ್ದೇ ಸಾಕಾಯಿತು. ತಲೆತಲಾಂತರದಿಂದ ಅರಿಸಿನ, ಬೇವು ಎಂದು ಊಹೆಯ ಮೇಲೆ ಮದ್ದು ಮಾಡಿದವರಿಗೆ ಈಗ ರೋಗದ ಹೆಸರೇ ಕೈಗೆ ಸಿಗುತ್ತಿತ್ತು.

ಬದಾಮಿಯ ಗಂಟುಗಳು ಶುರುವಾಗಿ ನಾಲ್ಕು ವರ್ಷ. ಮೊದಲು ಕುತ್ತಿಗೆಯ ಮೇಲೆ ಹುಣಸೆ ಬೀಜದಂಥ ಒಂದೆರಡು. ಆಮೇಲೆ ಹೊಟ್ಟೆಯ ತುಂಬ ಲಿಂಬೆಹಣ್ಣಿನ ಹೋಳುಗಳನ್ನು ಬೋರಲು ಹಾಕಿದಂತೆ. ರಾಜೇಸಾಬ ಮೇವು ಬದಲಿಸಿದ, ನೀರು ಬದಲಿಸಿದ, ಲಾಯಕ್ಕೆ ಸುಣ್ಣ ಬಳಿದ. ಡಾಕ್ಟರರು ಸ್ಟೀರಾಯ್ಡ್ ಕೊಟ್ಟರು. ಗಂಟು ಇಳಿದವು, ಆದರೆ ಆ ಮದ್ದಿಗೆ ಕುದುರೆಯ ಗೊರಸಿನೊಳಗಿನ ಮಾಂಸ ಊದಿಕೊಳ್ಳುವುದುಂಟು. ಬದಾಮಿ ಕೆಂಡದ ಮೇಲೆ ಕಾಲಿಟ್ಟಂತೆ ನಡೆಯತೊಡಗಿತು. ಇನ್ನೊಂದು ವರ್ಷ ಹೀಗೇ ಮದ್ದು ಕೊಟ್ಟರೆ ಅದು ನಿಲ್ಲಲಾರದು ಎಂದು ನೀಲಾಂಬಿಕಾ ಹೇಳಿದ್ದಳು. ನಿಲ್ಲಲಾರದ ಕುದುರೆ ಏನಾಗುತ್ತದೆಂದು ರಾಜೇಸಾಬನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಎರಡನೆಯ ವಾರ ಯಂತ್ರ ಇಷ್ಟು ಹೇಳಿತು: ಮೊಲೆಯೂಡಿಸುವ ಯಾವುದೋ ಪ್ರಾಣಿಯ ಮೈಯಿಂದ ಉದುರಿದ ಪ್ರೋಟೀನು, ಪಟ್ಟಿಯಲ್ಲಿ ಇಲ್ಲದ್ದು. ನೀಲಾಂಬಿಕಾ ಆಶ್ರಯದ ನಾಯಿಯನ್ನು ಪರೀಕ್ಷಿಸಿದಳು, ಬೆಕ್ಕನ್ನು, ಪಕ್ಕದ ಹೊಲದ ಎಮ್ಮೆಯನ್ನು, ಬೋನಿಗೆ ಬಿದ್ದ ಇಲಿಯನ್ನು ಕೂಡ. ಯಾವುದೂ ಹೊಂದಲಿಲ್ಲ.

ಅದೇ ವಾರ ರಾಜೇಸಾಬ ತಂಗಿಯ ಮೊಮ್ಮಗಳ ಮದುವೆಗೆಂದು ಕಲಬುರಗಿಗೆ ಹೋಗಿ ಮೂರನೆಯ ದಿನ ಬಂದ. ಬಂದವನೇ ಲಾಯಕ್ಕೆ ನುಗ್ಗಿ ಕುದುರೆಯ ಹೊಟ್ಟೆಯ ಮೇಲೆ ಕೈಯಾಡಿಸಿದ. ಒಂದು ಗಂಟೂ ಇರಲಿಲ್ಲ.

“ಅಕ್ಕಾರ! ನಿಮ್ಮ ಹಪ್ಪಳಕ್ಕ ಹೆದರಿ ರೋಗ ಓಡಿಹೋಗೇತಿ ನೋಡ್ರಿ!”

ನೀಲಾಂಬಿಕಾ ಯಂತ್ರದಲ್ಲಿ ಹಿಸ್ಟಮಿನ್ನಿನ ಏರಿಳಿತ ತೋರಿಸುವ ಗೆರೆಯನ್ನು ನೋಡಿದಳು. ಎರಡು ದಿನ ಅದು ನೆಲಕ್ಕಂಟಿದಂತೆ ಮಲಗಿತ್ತು. ಈಗ, ಅವಳು ನೋಡುತ್ತಿದ್ದಂತೆಯೇ, ಮೆಲ್ಲಗೆ ಏಳತೊಡಗಿತ್ತು.

“ಚಾಚಾ, ನಿಮ್ಮ ಕೈ ಕೊಡ್ರಿ,” ಎಂದಳು.

ಮೊಂಡು ಅಲಗಿನಿಂದ ಅವನ ಮುಂಗೈಯನ್ನು ಹಗುರವಾಗಿ ಕೆರೆದು, ಬಿದ್ದ ಪುಡಿಯನ್ನು ಗಾಜಿನ ನಳಿಕೆಯಲ್ಲಿ ಹಾಕಿಕೊಂಡು ಹೋದಳು. ಮರುದಿನ ಬಂದು ಲಾಯದ ಹೊರಗಿನ ಕಟ್ಟೆಯ ಮೇಲೆ ಅವನನ್ನು ಕೂಡಿಸಿ, ತಾನೂ ಕೂತು, ಹೇಳಿದಳು.

ರಾಜೇಸಾಬ ಮೊದಲು ನಕ್ಕ. “ನಾನಾ?”

“ನಿಮ್ಮ ಮೈಯಿಂದ ಉದುರೋ ತೊಗಲಿನ ಪುಡಿ. ಎಲ್ಲಾರ ಮೈಯಿಂದನೂ ಉದರತೈತಿ. ಆಕಿಗೆ ನಿಮ್ಮದ ಆಗವಲ್ದು.”

“ಹದಿನೆಂಟು ವರ್ಷ ಆತ್ರಿ ಆಕಿ ನನ್ನ ಕೂಡ. ಎರಡು ವರ್ಷದ ಮರಿ ಇದ್ದಾಗ ತಂದೀನಿ. ಆವಾಗೆಲ್ಲ ಏಳಲಾರದ ಗಂಟು ಈಗ್ಯಾಕ ಏಳತಾವ?”

“ಟಾಂಗಾ ಹೊಡೀವಾಗ ಬಯಲಾಗ ಇರ್ತಿದ್ರಿ, ಗಾಳಿ ಒಯ್ತಿತ್ತು. ಇಲ್ಲಿ ಬಂದ ಮ್ಯಾಲೆ ಲಾಯದಾಗ ಮಲಗತೀರಿ. ಅಲ್ಲೇ ಹಾಸಗಿ ಝಾಡಸತೀರಿ. ದಿನಾ ಅದನ್ನ ಉಸರಾಡಿ ಉಸರಾಡಿ ಆಕಿ ಮೈ ನಿಮ್ಮನ್ನ ವೈರಿ ಅಂತ ಬರಕೊಂಡೈತಿ.”

ಅವನು ತಲೆ ತಗ್ಗಿಸಿದ. ಟಾಂಗಾ ನಿಂತ ವರ್ಷವೇ ಹೆಂಡತಿ ಜುಲೇಖಾ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಆಶ್ರಯದವರು ಕೊಟ್ಟ ಖೋಲಿಯಲ್ಲಿ ಅವನು ಇದ್ದದ್ದು ಹದಿನೈದು ದಿನ. ಹದಿನಾರನೆಯ ದಿನ ಮಂಚವನ್ನು ತಾನೇ ಎಳೆದುಕೊಂಡು ಬಂದು ಬದಾಮಿಯ ಪಕ್ಕದಲ್ಲಿ ಹಾಕಿದ್ದ. ಮಲಗಿದಲ್ಲಿಂದ ಅದರ ಉಸಿರು ಕೇಳುತ್ತಿತ್ತು. ಅಷ್ಟಾದರೆ ನಿದ್ದೆ ಬರುತ್ತಿತ್ತು.

“ನನ್ನ ಮ್ಯಾಲೆ ಆಕಿಗೆ ಸಿಟ್ಟೈತೇನ್ರಿ?” ಎಂದು ಕೇಳಿದ.

“ಇಲ್ಲ ಚಾಚಾ. ಇದು ಆಕಿಗೆ ಗೊತ್ತ ಇಲ್ಲ. ನೀವು ಬಂದ್ರ ಆಕಿಗೆ ಖುಷಿನ ಆಗತೈತಿ. ಮೈಗಷ್ಟ ಆಗೂದಿಲ್ಲ.”

ಸಂಜೆಯೊಳಗೆ ಮಂಚ ಬಯಲಿನ ಆಚೆಯ ಹಳೆಯ ಪಂಪಿನ ಮನೆಗೆ ಹೋಯಿತು. ರಾಜೇಸಾಬ ತಲೆ ಬೋಳಿಸಿಕೊಂಡ. ದಿನಕ್ಕೆ ಎರಡು ಸಲ ಮೈ ಕೆಂಪಾಗುವಂತೆ ಉಜ್ಜಿ ಮಿಂದ. ನೀಲಾಂಬಿಕಾ ತಂದುಕೊಟ್ಟ ಬಿಳಿಯ ಮುಸುಕಂಗಿ, ಕೈಗವಸು ತೊಟ್ಟೇ ಲಾಯಕ್ಕೆ ಹೋದ. ಆ ವೇಷ ಕಂಡು ಬದಾಮಿ ಹಿಂದೆ ಸರಿಯಿತು. ಅವನು ದನಿ ತೆಗೆದ ಮೇಲೆ ಮೂಸಿ ನೋಡಿ ಸುಮ್ಮನಾಯಿತು. ಯಂತ್ರದ ಗೆರೆ ಅರ್ಧಕ್ಕೆ ಇಳಿಯಿತು. ಅರ್ಧ ಇಳಿದದ್ದು ಪೂರ್ತಿಯೂ ಇಳಿದೀತು ಎಂದು ಅವನು ನಂಬಿದ.

ಐದನೆಯ ದಿನ ಮಧ್ಯಾಹ್ನ ಗೊರಸು ಕತ್ತರಿಸುವವನು ಬಂದ. ನೋಯುವ ಕಾಲನ್ನು ಎತ್ತಿಸಿದ್ದೇ ತಡ, ಬದಾಮಿ ಬೆದರಿ ಹಗ್ಗ ಜಗ್ಗಿತು, ಕಣ್ಣು ಬೆಳ್ಳಗಾದವು. ರಾಜೇಸಾಬ ಯೋಚಿಸಲಿಲ್ಲ. ಮುಸುಕು ಹಿಂದಕ್ಕೆಸೆದು, ಕೈಗವಸು ಕಿತ್ತು, ಅದರ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, “ಏನಿಲ್ಲ ತಾಯಿ, ಏನಿಲ್ಲ” ಎಂದು ಕಿವಿಯ ಬುಡವನ್ನು ತಿಕ್ಕಿದ. ಕುದುರೆ ತಣ್ಣಗಾಯಿತು, ಮೂತಿಯನ್ನು ಅವನ ಬೆವೆತ ಕುತ್ತಿಗೆಗಿಟ್ಟು ನಿಂತಿತು. ಗೊರಸಿನ ಕೆಲಸವೂ ಮುಗಿಯಿತು.

ಹತ್ತು ನಿಮಿಷಕ್ಕೆ ಮೂತಿಯ ಸುತ್ತ ಗಂಟೆದ್ದವು. ರೆಪ್ಪೆಗಳು ಊದಿ ಕಣ್ಣು ಮುಚ್ಚಿದವು. ಗಂಟಲೊಳಗೂ ಬಾವು ಇಳಿದು, ಉಸಿರೆಳೆದಾಗೆಲ್ಲ ಸೀಟಿ ಊದಿದಂತೆ ಸದ್ದಾಗತೊಡಗಿತು. ಬದಾಮಿ ಮುಂಗಾಲು ಅಗಲಿಸಿ, ಕುತ್ತಿಗೆ ಮುಂದೆ ಚಾಚಿ, ಅವನ ಕಡೆಗೇ ಒಂದು ಹೆಜ್ಜೆ ಇಟ್ಟಿತು. ನೀಲಾಂಬಿಕಾ ಸೂಜಿ ಹಿಡಿದು ಓಡಿಬಂದಳು.

“ಚಾಚಾ, ಹೊರಗ ಹೋಗ್ರಿ!”

ಅವನು ಅಲ್ಲೇ ನಿಂತಿದ್ದ.

“ಹೊರಗ! ನೀವು ಇಲ್ಲಿದ್ರ ನನ್ನ ಸೂಜಿ ಕೆಲಸ ಮಾಡೂದಿಲ್ಲ!”

ಆ ಮಾತಿಗೆ ಅವನ ಕಾಲು ಎದ್ದವು. ಬೇಲಿ ದಾಟಿ, ಬಯಲು ದಾಟಿ, ಪಂಪಿನ ಮನೆಯ ಗೋಡೆಗೆ ಮುಖ ಮಾಡಿ ನಿಂತ. ಅಡ್ರಿನಲಿನ್ ರಕ್ತಕ್ಕಿಳಿದು ಗಂಟಲು ಬಿಚ್ಚಿಕೊಳ್ಳಲು ಅರ್ಧ ತಾಸು ಹಿಡಿಯಿತು. ಬದುಕಿತು ಎಂದು ಯಾರೋ ಕೂಗಿ ಹೇಳಿದಾಗಲೂ ಅವನು ತಿರುಗಲಿಲ್ಲ.

ಮರುದಿನ ಆಶ್ರಯದಲ್ಲಿ ಕಸ ಬಳಿಯುತ್ತಿದ್ದ ದ್ಯಾಮವ್ವನನ್ನು ಕರೆದು, “ತಂಗೀ, ಬದಾಮೀನ ನಿನ್ನ ಕೈಯಾಗ ಕೊಡ್ತೀನಿ,” ಎಂದ.

“ಅಯ್ಯ ಸಾಬಣ್ಣ, ನಾ ಎಮ್ಮಿ ಕಂಡಾಕಿ. ಕುದರಿ ಏನು ತಿಳೀತೈತಿ ನನಗ?”

“ಎಮ್ಮೀನ ಯಾರಿಗೂ ಒದ್ಯಾಕ ಬಿಡಲಾರದವಳು ನೀನು. ಸಾಕು. ಉಳದದ್ದು ನಾ ಹೇಳತೀನಿ.”

ಗಾಳಿ ಯಾವ ಕಡೆಗೆ ಬೀಸಿದರೆ ಅವನು ಎಲ್ಲಿ, ಎಷ್ಟು ದೂರ ನಿಲ್ಲಬೇಕೆಂದು ನೀಲಾಂಬಿಕಾ ಲೆಕ್ಕ ಹಾಕಿ ಬಯಲಿನಲ್ಲಿ ಕಲ್ಲು ನೆಟ್ಟಳು. ಆ ಕಲ್ಲುಗಳ ಆಚೆ ನಿಂತು ರಾಜೇಸಾಬ ಕೂಗಿ ಕೂಗಿ ಕಲಿಸಿದ. “ಎಡಗಾಲ ಮೊದಲ ಎತ್ತಸವ್ವ, ಬಲಗಾಲ ಆಕಿ ಕೊಡೂದಿಲ್ಲ!” “ಹುರಳಿ ಆರಿಸಿ ಹಾಕು!” “ಕಿವಿ ಹಿಂದ ತಿಕ್ಕು. ಅಲ್ಲಲ್ಲ, ಇನ್ನಾ ಕೆಳಗ!”

ಅವನ ದನಿ ಕೇಳಿದ್ದೇ ಬದಾಮಿ ಬೇಲಿಯ ತನಕ ಬಂದು ಕೆನೆಯುತ್ತಿತ್ತು. ಬೇಲಿಗೆ ಎದೆಯೊತ್ತಿ ಇನ್ನೊಮ್ಮೆ ಕೆನೆಯುತ್ತಿತ್ತು. ಕೆಲವು ದಿನ ಹೀಗೆ ನಡೆದ ಮೇಲೆ ಅವನು ಕೂಗುವುದನ್ನು ಬಿಟ್ಟ. ದ್ಯಾಮವ್ವನೇ ಸಂಜೆ ಪಂಪಿನ ಮನೆಗೆ ಬಂದು ಕೇಳಿಕೊಂಡು ಹೋಗತೊಡಗಿದಳು.

“ಇವತ್ತು ಗಂಟು ಎದ್ದಾವೇನವ್ವ?”

“ಒಂದೂ ಇಲ್ಲ ಸಾಬಣ್ಣ. ಮೈ ರೇಷ್ಮಿ ಆಗೇತಿ. ಆದ್ರ ಈ ಕಡೆ ಮುಖ ಮಾಡೇ ನಿಂದರತೈತಿ.”

ಎರಡನೆಯ ಮಾತಿಗೆ ಅವನು ಎದ್ದು ಬಯಲಿನ ಕಡೆಯ ಕಿಟಕಿ ಮುಚ್ಚುತ್ತಿದ್ದ.

ಸ್ಟೀರಾಯ್ಡ್ ನಿಂತಿತು. ಮೂರು ತಿಂಗಳಿಗೆ ಬದಾಮಿ ಬಯಲಿನಲ್ಲಿ ನಾಲ್ಕು ಹೆಜ್ಜೆ ಓಡಿತು. ದೂರದಿಂದ ಅದನ್ನು ಕಂಡ ರಾಜೇಸಾಬ ಒಬ್ಬನೇ ಗಟ್ಟಿಯಾಗಿ “ವಾಹ್” ಎಂದ.

ದಾರಿ ಒಂದಿತ್ತು. ಅವನ ಚರ್ಮದ ಪುಡಿಯಿಂದಲೇ ಔಷಧ ಮಾಡಿ, ಹನಿಯಲ್ಲಿ ನೂರನೆಯ ಪಾಲಿನಿಂದ ಶುರುಮಾಡಿ ಏರಿಸುತ್ತ ಹೋದರೆ ಕುದುರೆಯ ಮೈ ಹಳೆಯ ವೈರವನ್ನು ಮರೆಯಬಹುದು. “ಮೂರು ವರ್ಷ ಹಿಡೀಬಹುದು ಚಾಚಾ. ಔಷಧ ಹತ್ತದನೂ ಇರಬಹುದು,” ಎಂದಳು ನೀಲಾಂಬಿಕಾ.

“ಆಕಿಗೆ ಈಗ ಇಪ್ಪತ್ತು, ಅಕ್ಕಾರ. ಕುದರಿಗೆ ಅದು ಮುಪ್ಪು.”

“ಗೊತ್ತೈತಿ.”

“ಮಾಡ್ರಿ,” ಎಂದು ಮುಂಗೈ ಚಾಚಿದ. ಅಂದಿನಿಂದ ಪ್ರತಿ ಸೋಮವಾರ ಚಾಚಿದ.

ಮುಂದಿನ ವರ್ಷದ ಹೊತ್ತಿಗೆ ಹಪ್ಪಳ ನಾಡಿನ ಎಷ್ಟೋ ಲಾಯ, ಕೊಟ್ಟಿಗೆ, ಮನೆಗಳನ್ನು ಹೊಕ್ಕಿತ್ತು. ಸಾವಿರಾರು ಪ್ರಾಣಿಗಳ ಮೈ ನುಣುಪಾಯಿತು. ನೂರಕ್ಕೆ ಮೂರು ಕಡೆ ಮಾತ್ರ ಬದಾಮಿಗೆ ಬಂದ ಉತ್ತರವೇ ಬಂತು: ಸಾಕಿದವರೇ ಕಾರಣ. ಆ ಸುದ್ದಿ ಹಬ್ಬಿದ ಮೇಲೆ ಕೆಲವರು ಏಳನೆಯ ದಿನಕ್ಕೆ ಮುಂಚೆಯೇ ಹಪ್ಪಳ ಕಿತ್ತು ವಾಪಸು ಕಳಿಸಿದರು. ಒಬ್ಬಾಕೆ ಅದರ ಜೊತೆಗೆ ಚೀಟಿ ಇಟ್ಟಿದ್ದಳು: ನಮಗೆ ತಿಳಿಯುವುದು ಬೇಡ.

ನೀಲಾಂಬಿಕಾ ಆ ಚೀಟಿಯನ್ನು ಬಹಳ ದಿನ ಇಟ್ಟುಕೊಂಡಿದ್ದಳು. ಒಂದು ಸೋಮವಾರ ಅವಳು ಪಂಪಿನ ಮನೆಗೆ ಬಂದಾಗ ಕೈಯಲ್ಲಿ ಹೊಸ ಅರ್ಜಿಯ ಹಾಳೆ ಇತ್ತು. ಹಪ್ಪಳ ಅಂಟಿಸುವ ಮೊದಲು ತುಂಬಿಸಬೇಕಾದದ್ದು.

“ಪ್ರಶ್ನೆ ಸರಿ ಅದಾವೇನು ನೋಡ್ರಿ ಚಾಚಾ. ಪ್ರಾಣಿ ಏನು ತಿಂತೈತಿ. ಎಲ್ಲಿ ನಿಂದರತೈತಿ. ಅದನ್ನ ಯಾರು ಮುಟ್ಟತಾರ, ದಿನಕ್ಕ ಎಷ್ಟು ತಾಸು.” ಅವಳು ಕೊನೆಯದನ್ನು ಓದಿದಳು. “ಮುಟ್ಟುವವರಿಗೆ ಮನ್ಯಾಗ ಮತ್ತ ಯಾರದಾರ?”

ರಾಜೇಸಾಬ ಅಂಗಿಯ ತೋಳು ಇಳಿಸಿಕೊಂಡ. “ಇದು ಕುದರಿ ರೋಗದ ಕಾಗದ ಅಲ್ಲೇನ್ರಿ?”

“ಹೌದು. ಆದ್ರ ಇದನ್ನ ಕೇಳಾಕ ನನ್ನ ಹಪ್ಪಳ ಬೇಕಾಗಿರಲಿಲ್ಲ. ನಲವತ್ತು ವರ್ಷದ ಹಿಂದಿನವರೂ ಕೇಳಬಹುದಿತ್ತು. ಬಾಯಿ ಇದ್ದವರು ಯಾರಾದರೂ ಕೇಳಬಹುದಿತ್ತು.”

ಅವನು ಹೊರಗಿನ ಬಯಲಿನತ್ತ ಮುಖ ತಿರುಗಿಸಿದ.

“ನಾ ಆ ಖೋಲಿಯಾಗ ಹದಿನೈದು ದಿನ ಇದ್ದೆನ್ರಿ,” ಎಂದ. “ಅಷ್ಟರಾಗ ಯಾರಾದ್ರೂ ಒಬ್ಬರು ಬಂದು ಕೇಳಿದ್ರ, ಮಂಚ ಎತ್ತತಿರಲಿಲ್ಲೇನೋ.”

ನೀಲಾಂಬಿಕಾ ಹಾಳೆ ಮಡಚಿಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, “ಹೇಳ್ರಿ ಚಾಚಾ,” ಎಂದಳು. ಅವನು ಜುಲೇಖಾಳಿಂದ ಶುರುಮಾಡಿ ಹೇಳತೊಡಗಿದ.