ಸಿಪ್ಪೆರಾಯನ ಜೊತೆ ಮಾತು ಬಿಟ್ಟ ವರ್ಷ

ಇವತ್ತು ಅವನ ಜೊತೆ ಮಾತಾಡಬಹುದು! ಬೆಳಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಸಿಪ್ಪೆರಾಯ ಅನ್ನುತ್ತಾರೆ. ದಾಳಿಂಬೆ ಸಿಪ್ಪೆಯ ಸಾರ ತೆಗೆದು ಕ್ಯಾಪ್ಸೂಲ್‌ಗೆ ತುಂಬುವವನು ಅವನೇ. ಅರ್ಧ ಕ್ಯಾಪ್ಸೂಲ್‌ಗಳಲ್ಲಿ ಸಾರ, ಉಳಿದವುಗಳಲ್ಲಿ ಬರೀ ಹಿಟ್ಟು. ಸಕ್ಕರೆ ಕಾಯಿಲೆಯವರು ನುಂಗುತ್ತಾರೆ, ನಾನು ಅವರ ರಕ್ತದ ಸಕ್ಕರೆ ಅಳೆಯುತ್ತೇನೆ. ಯಾರಿಗೆ ಯಾವುದು ಸಿಕ್ಕಿತೆಂದು ನನಗೆ ಗೊತ್ತಾಗಕೂಡದು, ಗೊತ್ತಾದರೆ ಅಳತೆ ಒಂದು ಕಡೆ ವಾಲುತ್ತದೆ.

"ಮಾತಿಗೆ ಮಾತು ಬೆಳೆದು ಗುಟ್ಟು ಹೊರಬೀಳುತ್ತೆ. ಟ್ರಯಲ್ ಮುಗಿಯೋವರೆಗೂ ನೀವಿಬ್ರೂ ತುಟಿಪಿಟಕ್ ಅನ್ನಬಾರದು!" ಎಂದಿದ್ದರು ವರ್ಷದ ಹಿಂದೆ ಲ್ಯಾಬಿನ ಮುಖ್ಯಸ್ಥೆ ಮೇಡಂ. ಅಲ್ಲಿಯವರೆಗೆ ಒಂದೇ ಬೆಂಚಿನಲ್ಲಿ ಕೂತು ಹರಟುತ್ತಿದ್ದೆವು.

ಅಯ್ಯೋ, ತುಟಿ ಕಟ್ಟಿದರೆ ಕಣ್ಣು ಸುಮ್ಮನಿರುತ್ತದೆಯೇ? ಗಾಜಿನ ಗೋಡೆಯಾಚೆಯಿಂದ ಅವನು ಹಳದಿ ಕಲೆಯಾದ ಬೆರಳೆತ್ತಿ, ಹಣೆಗೆ ಬಿದ್ದ ಕೂದಲು ಸರಿಸಿಕೋ ಎಂದು ಸನ್ನೆ ಮಾಡುತ್ತಿದ್ದ. ನಾನು ಹುಸಿಕೋಪದಿಂದ ಮುಖ ತಿರುಗಿಸಿ, ಆಮೇಲೆ ಮೆಲ್ಲಗೆ ಸರಿಸಿಕೊಳ್ಳುತ್ತಿದ್ದೆ. ಅವನಿಲ್ಲದ ದಿನ ಲ್ಯಾಬೇ ಬಿಕೋ ಎನ್ನುತ್ತಿತ್ತು.

ಇವತ್ತು ಮೇಡಂ ಯಾರಿಗೆ ಯಾವುದೆಂಬ ಪಟ್ಟಿಯ ಸೀಲ್ ಒಡೆದು, ನನ್ನ ಅಳತೆಯ ಜೊತೆ ಲೆಕ್ಕ ಹೊಂದಿಸಿದರು. ಸಾರ ನುಂಗಿದವರ ಸಕ್ಕರೆ ಇಳಿದಿತ್ತು! ನಾನು ಕಿರುಚಿಯೇಬಿಟ್ಟೆ. ಅವನು ಓಡಿಬಂದು ನನ್ನೆದುರು ನಿಂತ, ಏದುಸಿರು ಬಿಟ್ಟ, ಬಾಯಿ ತೆರೆದ.

"ಊಟ ಆಯ್ತಾ?"

ವರ್ಷ ಕಾದಿದ್ದು ಇದಕ್ಕಾ! "ಇಲ್ಲ ಕಣ್ರೀ, ನೀವು ಕರೀಲಿ ಅಂತ ಕಾಯ್ತಿದ್ದೀನಿ" ಎಂದೆ.

ಅಷ್ಟರಲ್ಲಿ ಮೇಡಂ ಚಪ್ಪಾಳೆ ತಟ್ಟಿದರು. "ನಾಳೆಯಿಂದಲೇ ದೊಡ್ಡ ಟ್ರಯಲ್. ಎರಡು ವರ್ಷ. ನಿಯಮ ಅದೇ, ಮಾತಿಲ್ಲ ಕತೆಯಿಲ್ಲ!"

"ನನ್ನಿಂದ ಆಗಲ್ಲ ಮೇಡಂ" ಎಂದೆ. ಅದೇ ಉಸಿರಿಗೆ ಅವನೂ "ನಾನು ಕ್ಯಾಪ್ಸೂಲ್ ತುಂಬಲ್ಲ ಮೇಡಂ" ಎಂದ.

"ಇದೇನ್ರಪ್ಪಾ, ಗೆದ್ದ ದಿನವೇ ಮುಷ್ಕರ?"

"ಇವ್ರ ಜೊತೆ ಮಾತಾಡದೆ ಇನ್ನೊಂದು ದಿನವೂ ಇರಕ್ಕಾಗಲ್ಲ. ಮದುವೆ ಆದ್ಮೇಲಂತೂ..." ಎಂದವನು ನಾಲಿಗೆ ಕಚ್ಚಿಕೊಂಡ. ಮುಖ ಕಿವಿಯವರೆಗೂ ಕೆಂಪೇರಿತು.

ನಾನು ಸೊಂಟದ ಮೇಲೆ ಕೈಯಿಟ್ಟೆ. "ಓಹೋ! ನನ್ನನ್ನ ಕೇಳೋದು ಬೇಡ್ವಾ?"

"ಕೇಳ್ತಿದ್ದೀನಲ್ಲ. ಆಗ್ತೀರಾ?"

"ಬೇಗ ಹೇಳಮ್ಮಾ ತಾಯಿ" ಎಂದರು ಮೇಡಂ. "ನೀನು ಒಪ್ಪೋದಾದ್ರೆ ಅಳತೆಗೆ ಬೇರೆಯವರನ್ನ ಹುಡುಕಿ, ನಿನ್ನನ್ನ ಇವನ ಕೋಣೆಗೇ ಹಾಕ್ಬೇಕು."

ವರ್ಷವಿಡೀ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. ನನ್ನ ಬಾಯಿಂದ ಹೊರಟದ್ದು ಒಂದೇ.

"ಹ್ಞೂಂ."