ಮಂಚದ ಕೆಳಗಿನ ಸಿಲಿಂಡರ್

"ಯವ್ವಾ, ಸಿಲಿಂಡರ್ ಎಲ್ಲಿ ಒಯ್ಯಾಕತ್ತಿ?"

ಪಲ್ಲವಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೇಳಿದಳು. ಅವ್ವ ಸುವರ್ಣಾ ಗ್ಯಾಸ್ ಸಿಲಿಂಡರನ್ನು ಓರೆ ಮಾಡಿ ಹಿಡಿದು, ಉರುಳಿಸುತ್ತ ನಡುಮನೆಗೆ ತರುತ್ತಿದ್ದಳು.

"ಮಂಚದ ಕೆಳಗ ಇಡಾಕ. ದಾರಿ ಬಿಡು."

"ಯಾಕ?"

"ಇವತ್ತ ಪುಣೆಯಿಂದ ಮಂದಿ ಬರ್ತಾರಲ್ಲ. ಅವ್ರಿಗೆ ಕಾಣಬಾರದು."

ಸಿಲಿಂಡರ್ ಮಂಚದ ಕೆಳಗೆ ಹೋಯಿತು. ಅದರ ಹಿಂದೆ ಗ್ಯಾಸ್ ಒಲೆಯೂ ಹೋಯಿತು. ಎರಡೂ ಕಾಣದಂತೆ ಅವ್ವ ಮಂಚದ ಮೇಲಿನ ಕೌದಿಯನ್ನು ನೆಲದವರೆಗೆ ಇಳಿಬಿಟ್ಟಳು. ಮಿಕ್ಸರ್ ಅಟ್ಟ ಹತ್ತಿತು. ಟಿವಿಯ ಮೇಲೆ ಒಂದು ಹಳೆಯ ಸೀರೆ ಬಿತ್ತು.

"ಟಿವಿ ಮುಚ್ಚಿದ್ರ ನನ್ನ ಧಾರಾವಾಹಿ ಹೆಂಗ ನೋಡ್ಲಿ?" ಎಂದು ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಚನ್ನವ್ವ ಕೇಳಿದಳು.

ಅಂಗಳದಲ್ಲಿ ಇನ್ನೊಂದು ಸೋಜಿಗ ಕಾದಿತ್ತು. ಹಿತ್ತಲ ಮೂಲೆಯಲ್ಲಿ ಬಿದ್ದಿದ್ದ ಬೀಸುವ ಕಲ್ಲು ಅಂಗಳಕ್ಕೆ ಬಂದು, ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ನಿನ್ನೆಯವರೆಗೆ ಅದರ ಮೇಲೆ ಬೆಕ್ಕು ಮಲಗುತ್ತಿತ್ತು. ಅದರ ಪಕ್ಕದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದರು.

ಇದೆಲ್ಲ ವಿಜಯಶ್ರೀ ಅಕ್ಕನ ಯೋಚನೆ. ಅವಳ ಮುಂದಾಳತ್ವದಲ್ಲಿ ಮಸೂತಿ ಊರಿನ ಐದು ಮಂದಿ ಹೆಣ್ಣುಮಕ್ಕಳು ಟ್ರೈನಿಂಗ್ ಪಡೆದು ಒಂದು ಗುಂಪು ಕಟ್ಟಿಕೊಂಡಿದ್ದರು. ಆಲಮಟ್ಟಿ ಆಣೆಕಟ್ಟು ನೋಡಲು ಬಂದವರು ಅರ್ಧ ದಿನ ಇವರ ಊರಿಗೂ ಬರಬೇಕು. ಪಲ್ಲವಿಯ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನೋಡಿ, ತಾವೂ ಬಡಿದು, ದುಡ್ಡು ಕೊಟ್ಟು ಊಟ ಮಾಡಬೇಕು. ಆಮೇಲೆ ಓಣಿಯ ಕೊನೆಯಲ್ಲಿರುವ ಪಲ್ಲವಿಯ ಗೆಳತಿ ಕೌಸರಳ ಮನೆಗೆ ಹೋಗಿ ಅವಳ ಅಮ್ಮನ ಹತ್ತಿರ ಕೌದಿ ಹೊಲಿಯುವುದನ್ನು ಕಲಿಯಬೇಕು. ಇವತ್ತು ಬರುವವರೇ ಮೊದಲ ಅತಿಥಿಗಳು.

"ಪ್ಯಾಟಿ ಮಂದಿಗೆ ಹಳೇ ಕಾಲದ್ದು ಬೇಕು," ಎಂದಳು ವಿಜಯಶ್ರೀ ಅಕ್ಕ, ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತ. "ಗ್ಯಾಸ್ ಕಂಡ್ರ ಫೋಟೋ ಕೆಡತೈತಿ."

"ಯಾರರ ಕೇಳಿದ್ರ ನಾ ಏನ ಹೇಳ್ಲಿ?" ಎಂದಳು ಪಲ್ಲವಿ.

"ನಿನ್ನ ಯಾರೂ ಕೇಳೂದಿಲ್ಲ. ಕೇಳಿದ್ರ ಸುಮ್ಮನಿರು."

"ಮೊನ್ನೆ ನಾ ಹೋಮ್‌ವರ್ಕ್ ಆಗೇತಿ ಅಂತ ಸುಳ್ಳ ಹೇಳಿದಾಗ ಅವ್ವ ಬೈದಿದ್ಲು."

ಒಲೆಗೆ ಕಟ್ಟಿಗೆ ಜೋಡಿಸುತ್ತಿದ್ದ ಅವ್ವನ ಕೈ ಒಂದು ಗಳಿಗೆ ನಿಂತಿತು. "ಪಲ್ಲವಿ, ಹೋಗಿ ಜಳಕಾ ಮಾಡು," ಎಂದಳು.

ಪಲ್ಲವಿ ಜಳಕಕ್ಕೆ ಹೋದಳು. ಅವಳಿಗೂ ಈ ಮಂದಿ ಬರುವುದು ಬೇಕಾಗಿತ್ತು. ಹೋದ ವರ್ಷವೆಲ್ಲ ಅವ್ವ ಮಂದಿಯ ಹೊಲಕ್ಕೆ ಉಳ್ಳಾಗಡ್ಡಿ ಕೀಳಲು ಹೋಗುತ್ತಿದ್ದಳು. ಕೂಲಿಯವರ ಟಂಟಂ ಗಾಡಿ ಬೆಳಗಾಗುವ ಮೊದಲೇ ಬಂದು ಅವಳನ್ನು ಕರೆದೊಯ್ಯುತ್ತಿತ್ತು. ಅವ್ವ ಸಂಜೆ ಬಂದಾಗ ಅವಳ ಬೆನ್ನು ಬಗ್ಗಿರುತ್ತಿತ್ತು, ಮಾತಾಡಲು ಶಕ್ತಿ ಇರುತ್ತಿರಲಿಲ್ಲ. ಅತಿಥಿಗಳು ಬರತೊಡಗಿದರೆ ಅವ್ವ ಮನೆಯಲ್ಲೇ ಇರುತ್ತಾಳೆ. ಸುಮ್ಮನಿರುವುದೇ ಒಳ್ಳೆಯದು ಎಂದುಕೊಂಡಳು.

ಕಾರು ಬಂತು. ಅದರಿಂದ ಮೂವರು ಇಳಿದರು. ಬಿಳಿ ಕೂದಲಿನ ಇಂದೂಬಾಯಿ, ಕ್ಯಾಮೆರಾ ಹಿಡಿದ ಅವರ ಮಗ ಹೃಷೀಕೇಶ, ಹೃಷೀಕೇಶನ ಮಗಳು ಸಂಪದಾ. ಸಂಪದಾ ಪಲ್ಲವಿಯಷ್ಟೇ ಎತ್ತರ ಇದ್ದಳು. ಇಂದೂಬಾಯಿ ಹುಟ್ಟಿದ್ದು ಇದೇ ಜಿಲ್ಲೆಯ ಇಂಡಿಯಲ್ಲಂತೆ. ಹಾಗಾಗಿ ಮೂವರಿಗೂ ಕನ್ನಡ ಬರುತ್ತಿತ್ತು.

ಕಟ್ಟಿಗೆ ಹಸಿಯಾಗಿತ್ತು. ಅಂಗಳದ ತುಂಬ ಹೊಗೆ ಎದ್ದಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿದಳು. ಅವಳ ಅಂಗೈಯ ಕೆಳಗೆ ಹಿಟ್ಟು ತಿರುಗುತ್ತ, ತಿರುಗುತ್ತ ಚಂದ್ರನಂತೆ ಅಗಲವಾಯಿತು. ಹೃಷೀಕೇಶ ಫೋಟೋ ತೆಗೆದ.

"ದಿನಾ ಹಿಂಗ ಮಾಡ್ತೀರೇನ್ರಿ?" ಎಂದು ಕೇಳಿದ.

"ಹೌದ್ರಿ ಸರ್. ನಮ್ಮಲ್ಲೆ ಎಲ್ಲಾ ಹಿಂಗಽ," ಎಂದು ವಿಜಯಶ್ರೀ ಅಕ್ಕ ತಟ್ಟನೆ ಹೇಳಿದಳು.

ಪಲ್ಲವಿ ಅವ್ವನ ಮುಖ ನೋಡಿದಳು. ಅವ್ವ ಬೆಂಕಿಯನ್ನೇ ನೋಡುತ್ತಿದ್ದಳು.

ಹೊಗೆ ತಾಳಲಾರದೆ ಸಂಪದಾ ಕೆಮ್ಮಿದಳು. ಪಲ್ಲವಿ ಅವಳನ್ನು ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟಳು. ಸಂಪದಾ ಮಂಚದ ಮೇಲೆ ಕುಳಿತು ಸುತ್ತಲೂ ನೋಡಿದಳು.

"ನಿಮ್ಮ ಮನ್ಯಾಗ ಟಿವಿ ಇಲ್ಲಾ?"

ಪಲ್ಲವಿ ಲೋಟ ತೆಗೆದಿಡಲು ತಿರುಗಿದಳು. ಮೂಲೆಯಲ್ಲಿ ಅಜ್ಜಿ ಒಮ್ಮೆ ಕೆಮ್ಮಿದಳು.

"ಫ್ಯಾನ್ ಅದ. ಗ್ಯಾಸ್ ಇಲ್ಲಾ? ನಿಮ್ಮ ಅವ್ವ ದಿನಾ ಅಷ್ಟು ಹೊಗಿಯಾಗ ಕೂಡ್ತಾರಾ? ಪಾಪ."

ಆ "ಪಾಪ" ಪಲ್ಲವಿಗೆ ಚುಚ್ಚಿತು. ನಮಗೇನಾಗಿದೆ ಎಂದು ಪಾಪ? ಅವಳು ಯೋಚಿಸುವ ಮೊದಲೇ ಅವಳ ಕೈ ಮುಂದೆ ಹೋಗಿತ್ತು.

"ಏನ ಪಾಪ? ಇಲ್ನೋಡು," ಎಂದು ಕೌದಿ ಎತ್ತಿದಳು. "ಗ್ಯಾಸು." ಸೀರೆ ಎಳೆದಳು. "ಟಿವಿ. ಮಿಕ್ಸರ್ ಅಟ್ಟದ ಮ್ಯಾಲೆ ಐತಿ. ಹತ್ತಿ ತೋರಸ್ಲೇನು?"

ಸಂಪದಾಳ ಕಣ್ಣು ಅರಳಿತು. ಅವಳು ಬಗ್ಗಿ ನೋಡಿದಳು, ನಕ್ಕಳು, ಎದ್ದು ಹೊರಗೆ ಓಡಿದಳು.

"ಅಜ್ಜಿ, ಇವರ ಸಿಲಿಂಡರ್ ಮಂಚದ ಬುಡಕ ಅದ. ಅಡಗಿಸಿ ಇಟ್ಟಾರ."

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ವಿಜಯಶ್ರೀ ಅಕ್ಕನ ಮುಖ ಕೆಂಪಾಯಿತು. ಪಲ್ಲವಿ ಬಾಗಿಲಲ್ಲೇ ನಿಂತಳು. ಮತ್ತೆ ಟಂಟಂ, ಮತ್ತೆ ಉಳ್ಳಾಗಡ್ಡಿ ಹೊಲ. ಎಲ್ಲ ತನ್ನಿಂದ.

"ಹಂಗಾದ್ರ ಇದೆಲ್ಲಾ ನಾಟಕ ಏನ್ರಿ?" ಎಂದ ಹೃಷೀಕೇಶ. ಅವನ ದನಿಯಲ್ಲಿ ನಗು ಇರಲಿಲ್ಲ.

"ಹಂಗಲ್ರಿ ಸರ್, ಅದು ಏನಂದ್ರ..." ಎಂದು ವಿಜಯಶ್ರೀ ಅಕ್ಕ ಶುರು ಮಾಡಿದಳು.

ಅವ್ವ ಸೀದ ರೊಟ್ಟಿಯನ್ನು ಪಕ್ಕಕ್ಕೆ ತೆಗೆದಿಟ್ಟಳು. ಕೈ ಒರೆಸಿಕೊಂಡಳು.

"ಗ್ಯಾಸ್ ಐತ್ರಿ," ಎಂದಳು. "ದಿನಾ ಅದರಾಗಽ ಮಾಡ್ತೇನಿ. ಈ ಹೊಗಿ ಯಾರಿಗೆ ಬೇಕ್ರಿ? ಇವತ್ತ ನಿಮ್ಮ ಸಲುವಾಗಿ ಒಲಿ ಹಚ್ಚೇನಿ. ದಿನಾ ಹಿಂಗ ಅಂತ ಹೇಳಿದ್ದು ತಪ್ಪಾತು."

"ಮತ್ತ ಆ ಕಲ್ಲು?"

"ಅದು ನಮ್ಮ ಅತ್ತೀದು. ಈಗ ಹಿಟ್ಟ ಗಿರಣಿಯಿಂದ ತರ್ತೇವಿ. ಆದ್ರ ಬೀಸೂದು ಸುಳ್ಳಲ್ರಿ. ಸಣ್ಣಾಕಿದ್ದಾಗ ನಾಲತವಾಡದಾಗ ನಮ್ಮವ್ವನ ಜೋಡಿ ಮುಂಜಾನೆದ್ದು ಬೀಸೇನಿ."

ಇಂದೂಬಾಯಿ ಚಾಪೆಯಿಂದ ಎದ್ದು, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕಲ್ಲಿನ ಮುಂದೆ ಕುಳಿತರು.

"ಒಂದ್ ಮುಷ್ಟಿ ಜ್ವಾಳಾ ಹಾಕ್ರಿ, ಸುವರ್ಣಾಬಾಯಿ. ನಮ್ಮ ಇಂಡಿ ಮನ್ಯಾಗೂ ಒಂದ್ ಕಲ್ಲಿತ್ತು. ಕೈಗೆ ನೆನಪದ ಏನ್ ನೋಡೂಣು."

ಅವ್ವ ಅವರ ಎದುರು ಕುಳಿತಳು. ಇಬ್ಬರೂ ಒಂದೇ ಗೂಟ ಹಿಡಿದರು. ಕಲ್ಲು ಮೊದಲು ಅಲುಗಲೇ ಇಲ್ಲ. ಆಮೇಲೆ ಗುರ್ರ್ ಎಂದು ಅರ್ಧ ಸುತ್ತು ಬಂದು ನಿಂತಿತು. ಮತ್ತೆ ತಿರುಗಿತು. ಅಂಚಿನಿಂದ ಬಿಳಿ ಹಿಟ್ಟು ಉದುರತೊಡಗಿತು.

ಆಗ ಅವ್ವ ಹಾಡಿದಳು.

ಹಾಡುತ್ತೇನೆ ಎಂದು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕಲ್ಲಿನ ಸದ್ದಿನ ಒಳಗಿಂದಲೇ ಹಾಡು ಬಂದಂತಿತ್ತು. ತಂಗಿಯನ್ನು ಕರೆಯಲು ಹಳ್ಳ ದಾಟಿ ಬರುವ ಅಣ್ಣ, ಅವನಿಗಾಗಿ ಬುತ್ತಿ ಕಟ್ಟುವ ತಂಗಿ. ಸಣ್ಣ ದನಿ, ಆದರೆ ಎಲ್ಲೂ ನಡುಗಲಿಲ್ಲ. ಒಂದು ಸಾಲು ಮುಗಿದು ಅವ್ವ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮನೆಯ ಒಳಗಿಂದ ಅಜ್ಜಿ ಮುಂದಿನ ಸಾಲು ಎತ್ತಿಕೊಂಡಳು. ಸಾರಿಗೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ದಿನಾ ಜಗಳಾಡುವ ಅತ್ತೆ ಸೊಸೆ ಇವರೇನಾ?

ಪಲ್ಲವಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಅವ್ವ ಕೂಗುವುದನ್ನು ಅವಳು ಕೇಳಿದ್ದಳು, ಬೈಯುವುದನ್ನು ಕೇಳಿದ್ದಳು. ಹಾಡುವುದನ್ನು ಒಮ್ಮೆಯೂ ಕೇಳಿರಲಿಲ್ಲ.

ಹೃಷೀಕೇಶ ವಿಡಿಯೋ ಮಾಡಿಕೊಂಡ. ಸಂಪದಾ, "ಈಗ ನಾನು," ಎಂದು ತನ್ನ ಅಜ್ಜಿಯನ್ನು ಎಬ್ಬಿಸಿ ತಾನು ಕುಳಿತಳು. ಅವಳು ಮೂರು ಸುತ್ತಿಗೇ ಸುಸ್ತಾದಳು. ಆಮೇಲೆ ಎಲ್ಲರೂ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಉಂಡರು. ಕೌಸರಳ ಮನೆಗೂ ಹೋದರು. ಹೊರಡುವಾಗ ಇಂದೂಬಾಯಿ ಆ ಹಿಡಿ ಹಿಟ್ಟನ್ನು ಅರಿವೆಯಲ್ಲಿ ಕಟ್ಟಿಸಿಕೊಂಡು ಚೀಲದಲ್ಲಿ ಇಟ್ಟುಕೊಂಡರು. ಮತ್ತೆ ಬರುತ್ತೇವೆ ಎಂದು ಅವರು ಹೇಳಲಿಲ್ಲ. "ನಮ್ಮ ಓಣಿಯವರಿಗೆ ಹೇಳ್ತೇನಿ," ಎಂದಷ್ಟೇ ಅಂದರು.

ಕಾರು ತಿರುವು ದಾಟಿದ ಮೇಲೆ ವಿಜಯಶ್ರೀ ಅಕ್ಕ ಸೊಂಟದ ಮೇಲೆ ಕೈ ಇಟ್ಟಳು. "ಮುಂದಿನ ಸಲ ಈ ಹುಡುಗೀನ ಎಲ್ಲೆರ ಕಳಸು, ಸುವರ್ಣಾ."

"ಹುಡುಗಿ ಇಲ್ಲೇ ಇರ್ತಾಳ," ಎಂದಳು ಅವ್ವ. "ಗ್ಯಾಸೂ ಅದರ ಜಾಗಾದಾಗ ಇರ್ತೈತಿ. ಬಂದವ್ರಿಗೆ ಮೊದಲ ಅದರ ಮ್ಯಾಲ ಚಾ ಮಾಡಿ ಕೊಡೂನು. ಆಮ್ಯಾಲ ಹಳೇದು ತೋರ್ಸೂನು."

"ಫೋಟೋ?"

"ಬರಲಿ ಬಿಡು ಫೋಟೋದಾಗ."

ವಿಜಯಶ್ರೀ ಅಕ್ಕ ಏನೋ ಗೊಣಗುತ್ತ ಸ್ಕೂಟಿ ಹತ್ತಿದಳು. ಆದರೆ ಹೊರಡುವ ಮೊದಲು, "ಆ ಹಾಡ ಟ್ರೈನಿಂಗ್‌ನಾಗ ಯಾಕ ಹೇಳಲಿಲ್ಲ ನೀ?" ಎಂದು ಕೇಳಿದಳು.

ಸಂಜೆ ಅವ್ವ, ಮಗಳು ಸೇರಿ ಸಿಲಿಂಡರ್ ಹೊರಗೆ ತೆಗೆದರು.

"ಯವ್ವಾ, ನಿನಗ ಸಿಟ್ಟ ಬಂತೇನು?"

"ಬಂದಿತ್ತು."

"ಆಕಿ ನಮಗ ಪಾಪ ಅಂದ್ಲು."

"ಅಂದ್ಲಾ?" ಅವ್ವ ನಕ್ಕಳು. "ಅದಕ್ಕಽ ತೋರ್ಸಿದೇನು?"

ಪಲ್ಲವಿ ತಲೆಯಾಡಿಸಿದಳು. ಸಿಲಿಂಡರ್‌ಗೆ ಕೈ ಕೊಡುತ್ತ, "ನೀ ಹಾಡ್ತಿ ಅಂತ ನನಗ ಗೊತ್ತಽ ಇರಲಿಲ್ಲ," ಎಂದಳು.

"ನನಗೂ ಮರ್ತಿತ್ತು," ಎಂದಳು ಅವ್ವ.

ಮರುದಿನ ಸೋಮವಾರ. ಪಲ್ಲವಿ ಯೂನಿಫಾರ್ಮ್ ಹಾಕಿಕೊಂಡು, ಜಡೆ ಹಾಕಿಸಿಕೊಳ್ಳಲು ಬಾಚಣಿಗೆ, ರಿಬ್ಬನ್ ಹಿಡಿದು ಅಡುಗೆಮನೆಗೆ ಬಂದಳು. ಹೊಸ್ತಿಲಲ್ಲೇ ನಿಂತಳು.

ಅವ್ವ ಬೆನ್ನು ಮಾಡಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಕೈಯ ಸದ್ದಿಗೆ ಸರಿಯಾಗಿ ಏನೋ ಗುನುಗುತ್ತಿದ್ದಳು. ಅಲ್ಲಿ ಅತಿಥಿಗಳಿರಲಿಲ್ಲ, ಕ್ಯಾಮೆರಾ ಇರಲಿಲ್ಲ.

"ಪಲ್ಲವೀ, ಸಾಲಿಗೆ ತಡಾ ಆತು ಬಾ," ಎಂದು ಬೀದಿಯಿಂದ ಕೌಸರ ಕರೆದಳು.

ಪಲ್ಲವಿ ಕಿಟಕಿಗೆ ಬಂದು, ಬಾಯಿಯ ಮೇಲೆ ಬೆರಳಿಟ್ಟು, ಬರುತ್ತೇನೆ ಎಂದು ಕೈ ಮಾಡಿದಳು. ಈಗ ಕರೆದರೆ ಅವ್ವ ತಿರುಗುತ್ತಾಳೆ, ಜಡೆಯನ್ನೂ ಹಾಕುತ್ತಾಳೆ. ಆದರೆ ಹಾಡು ನಿಂತುಹೋಗುತ್ತದೆ.

ಅವಳು ಗೋಡೆಗೆ ಒರಗಿ, ಸದ್ದಾಗದಂತೆ, ತನ್ನ ಕೂದಲನ್ನು ತಾನೇ ಬಾಚಿಕೊಳ್ಳತೊಡಗಿದಳು.