ಬಿಟ್ಟಾರ

"ಬಿಟ್ಟಾರ. ನಾಳೆ ಬರಬ್ಯಾಡ."

ಹನಮೇಶನ ಮೆಸೇಜು ಅಷ್ಟೇ. ಓದಿದವಳೇ ಭಾಗ್ಯನಗರದ ನಮ್ಮ ಮನೆಯ ಅಂಗಳದಲ್ಲಿ ಕುಸಿದು ಕೂತೆ. ಹೋದ ವಾರ ಅವನ ಮನೆಯವರು ನನ್ನನ್ನು ನೋಡಿ ಹೋಗಿದ್ದರು. ಹೂಂ ಅನ್ನಬೇಕಾದವಳು ಅವನ ಅವ್ವ ಒಬ್ಬಳೇ ಉಳಿದಿದ್ದಳು. ಅಂದರೆ ಸಂಬಂಧ ಬಿಟ್ಟರು. ಅದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ, ಪುಣ್ಯಾತ್ಮ.

ಆನೆಗೊಂದಿಯ ಹೊಳೆಯಲ್ಲಿ ಪ್ರವಾಸಿಗರನ್ನು ದುಂಡನೆಯ ತೆಪ್ಪದಲ್ಲಿ ಸುತ್ತಾಡಿಸುವುದು ಅವನ ಕೆಲಸ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದ ಟೀಚರಮ್ಮನನ್ನು, ಅಂದರೆ ನನ್ನನ್ನು, ನಡುನೀರಿನಲ್ಲಿ ಗಿರಗಿರ ತಿರುಗಿಸಿ, ಓರೆಗಣ್ಣಿನಲ್ಲಿ ನಕ್ಕು, ತಲೆ ಕೆಡಿಸಿದವನೂ ಅವನೇ. ಈಗ ಬರಬೇಡವಂತೆ. ಎದುರು ನಿಂತು ಬೈಯದಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಅನ್ನಿಸಿತು. ಮರುದಿನ ಮೊದಲ ಬಸ್ಸು ಹತ್ತಿದೆ.

ದಂಡೆಯ ಮೇಲೆ ತೆಪ್ಪಗಳೆಲ್ಲ ಬೋರಲು ಬಿದ್ದಿದ್ದವು. ಸಿಟ್ಟಿನಲ್ಲಿ ನಾನು ಯಾವುದನ್ನೂ ನೋಡಲಿಲ್ಲ. ಸೀದಾ ಹೋಗಿ ಅವನ ಮುಂದೆ ನಿಂತೆ.

"ಯಾಕ ಬಿಟ್ರು? ನನ್ನ ಮಾರಿ ನೋಡಿ ಹೇಳು."

ಅವನು ಕಣ್ಣರಳಿಸಿದ. "ಮ್ಯಾಲೆ ಮಳಿ ಭಾಳ ಆತು. ಡ್ಯಾಮ್ ತುಂಬೈತಿ. ಗೇಟ್ ತಗದು ನೀರು ಬಿಟ್ಟಾರ. ತೆಪ್ಪ ಬಂದ್."

ಆಗ ನನಗೆ ಹೊಳೆ ಕಾಣಿಸಿತು. ಕೆಂಪು ನೀರು ಬಂಡೆಗಳನ್ನೆಲ್ಲ ನುಂಗಿ ಭೋರೆಂದು ಹರಿಯುತ್ತಿತ್ತು. ಎದೆಯ ಭಾರ ಇಳಿದು ನಗು, ಅಳು ಎರಡೂ ಒಟ್ಟಿಗೆ ಬಂದವು. ನಾನು ತಿಳಿದುಕೊಂಡದ್ದನ್ನು ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಯಾವಾಗಲೂ 'ರೀ' ಅನ್ನುವವಳು ಇವತ್ತು ಏಕವಚನಕ್ಕೆ ಇಳಿದೆಯಲ್ಲ ಅಂತ ಕಾಡಿಸಿದ. ನಾನು ನೆಲ ನೋಡಿದೆ.

"ನಿಮ್ಮ ಅವ್ವಾರು ಏನಂದ್ರು, ರೀ?"

"ಹೂಂ ಅಂದಾಳ. ನಡು ಹೊಳ್ಯಾಗ ಕೂಡಿಸಿ ಹೇಳೂಣು ಅಂತಿದ್ದೆ. ಹೊಳಿ ಬಿಡ್ಲಿಲ್ಲ ನೋಡು." ಅವನು ದನಿ ತಗ್ಗಿಸಿದ. "ಅಕಿ ಬ್ಯಾಡ ಅಂದಿದ್ರೂ ನಾ ನಿನ್ನ ಬಿಡ್ತಿರಲಿಲ್ಲ, ಶೈಲಾ."

ಒಂದು ತೆಪ್ಪವನ್ನು ಅಂಗಾತ ತಿರುವಿದ. ನೀರಿಲ್ಲದ ದಂಡೆಯ ಮೇಲೆಯೇ ಅದರೊಳಗೆ ಎದುರುಬದುರು ಕೂತೆವು. ತಿರುಗಿಸಲೇನು ಅಂತ ಕೇಳಿದ. ಬೇಡ, ಈಗಾಗಲೇ ತಲೆ ತಿರುಗುತ್ತಿದೆ ಅಂದೆ. ಹಿಡಿದ ಕೈಯನ್ನು ಇಬ್ಬರೂ ಬಿಡಲಿಲ್ಲ.

ಮಳೆಗಾಲ ಕಳೆದ ಮೇಲೆ ಅವನಿಂದ ಮತ್ತೊಂದು ಮೆಸೇಜು ಬಂತು.

"ಬಂದ್ ಮಾಡ್ಯಾರ. ನೀರು. ನೀರು ಬಂದ್ ಮಾಡ್ಯಾರ. ಬಾ."